ಅಣೆಕಟ್ಟೆಯ ಫಲಕ, ಕಚೇರಿಯ ಹಿಂಬರಹ: ಯಾವುದು ನಿಜಕ್ಕೂ ಸರ್ಕಾರಿ ರಹಸ್ಯ?

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗದ ಪತ್ರಿಕೆಗಳಲ್ಲಿ ದಿನವೂ ಒಂದು ಸಣ್ಣ ಚೌಕ ಬರುತ್ತದೆ. ಲಿಂಗನಮಕ್ಕಿ: ಗರಿಷ್ಠ 1819 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್. ಭದ್ರಾ: ಗರಿಷ್ಠ 186 ಅಡಿ, ಇಂದು ಇಷ್ಟು. ಚಹಾದ ಅಂಗಡಿಯಲ್ಲಿ ಕೂತವರಿಗೂ ಈ ಅಂಕಿಗಳು ಬಾಯಿಪಾಠ. ಆದರೆ ಅಣೆಕಟ್ಟೆ, ವಿದ್ಯುದಾಗಾರಗಳ ಗೇಟಿನ ಹತ್ತಿರ ಹೋದರೆ ‘ಛಾಯಾಗ್ರಹಣ ನಿಷೇಧಿಸಲಾಗಿದೆ’ ಎಂಬ ಫಲಕ ಎದುರಾಗುತ್ತದೆ. ನೀರಿನ ಮಟ್ಟ ಊರಿಗೆಲ್ಲ ಗೊತ್ತಿರಬೇಕಾದ್ದು, ಗೇಟು ಎತ್ತುವ ಕೋಣೆಯ ಒಳಗು ಗೊತ್ತಾಗಬಾರದ್ದು. ಇದರಲ್ಲಿ ವಿರೋಧವೇನೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಆ ಫಲಕಕ್ಕೆ ಯಾವ ಕಾನೂನಿನ ಬಲವಿದೆ ಎಂದು ಫಲಕ ಹಾಕಿದವರೂ ಕೇಳಿಕೊಂಡಿರುವುದಿಲ್ಲ, ಓದಿದವರೂ ಕೇಳುವುದಿಲ್ಲ. ‘ಭದ್ರತೆ’ ಎಂಬ ಒಂದು ಪದ ಬಿದ್ದರೆ ಎರಡೂ ಕಡೆಯವರು ಸುಮ್ಮನಾಗುತ್ತಾರೆ.

ಈ ಪದದ ಹಿಂದಿರುವ ಮುಖ್ಯ ಕಾನೂನು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಬ್ರಿಟಿಷರು 1889ರಲ್ಲಿ ಮೊದಲ ರೂಪ ತಂದರು, 1904ರಲ್ಲಿ ಕರ್ಜನ್ ಕಾಲದಲ್ಲಿ ಬಿಗಿ ಮಾಡಿದರು, 1923ರಲ್ಲಿ ಈಗಿನ ಆಕಾರ ಬಂತು. ಸ್ವಾತಂತ್ರ್ಯ ಬಂದ ಮೇಲೆ ಸಡಿಲವಾಗಲಿಲ್ಲ. 1967ರ ತಿದ್ದುಪಡಿಯಲ್ಲಿ ಶಿಕ್ಷೆ ಇನ್ನಷ್ಟು ಹೆಚ್ಚಿತು. ಶೀರ್ಷಿಕೆಯಲ್ಲೇ ‘ರಹಸ್ಯ’ ಇರುವ ಈ ಕಾಯ್ದೆಯಲ್ಲಿ ರಹಸ್ಯ ಎಂದರೇನು ಎಂಬ ವ್ಯಾಖ್ಯೆ ಮಾತ್ರ ಇಲ್ಲ. ಮುಂದಿನ ಗೊಂದಲಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತವೆ.

ಮೊದಲು ಫಲಕದ ವಿಷಯ. ಕಾಯ್ದೆಯ ಕಲಂ 2(8) ‘ನಿಷೇಧಿತ ಸ್ಥಳ’ ಯಾವುದೆಂದು ಹೇಳುತ್ತದೆ. ಸೇನಾ ನೆಲೆ, ನೌಕಾ ನೆಲೆ, ವಾಯುನೆಲೆ, ಶಸ್ತ್ರಾಗಾರ ಇವು ತಾವಾಗಿಯೇ ನಿಷೇಧಿತ ಸ್ಥಳಗಳು; ಬೇರೆ ಘೋಷಣೆ ಬೇಡ. ಆದರೆ ರೈಲುಮಾರ್ಗ, ರಸ್ತೆ, ನೀರು ಮತ್ತು ವಿದ್ಯುತ್ತಿನ ಕಾಮಗಾರಿ ಮುಂತಾದ ಸಾರ್ವಜನಿಕ ಸ್ವರೂಪದ ಜಾಗಗಳ ಮಾತು ಹಾಗಲ್ಲ. ಅವುಗಳ ಮಾಹಿತಿ ಶತ್ರುವಿಗೆ ಉಪಯೋಗವಾದೀತು ಎಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿರಬೇಕು. ಅಷ್ಟೇ ಸಾಲದು. ಆ ಅಧಿಸೂಚನೆಯ ಪ್ರತಿಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಅದೇ ಜಾಗದಲ್ಲಿ ಅಂಟಿಸಿರಬೇಕು. ಅಂದರೆ ಸಾಗರ ತಾಲ್ಲೂಕಿನ ಒಂದು ವಿದ್ಯುತ್ ಕಾಮಗಾರಿ ಈ ಕಾಯ್ದೆಯ ಲೆಕ್ಕದಲ್ಲಿ ನಿಷೇಧಿತ ಸ್ಥಳವಾಗಬೇಕಾದರೆ ಅಲ್ಲೊಂದು ಕನ್ನಡದ ಅಧಿಸೂಚನೆ ಕಣ್ಣಿಗೆ ಬೀಳುವಂತಿರಬೇಕು. ನೂರು ವರ್ಷದ ಹಿಂದೆ ಈ ಷರತ್ತು ಹಾಕಿದವರು ಕನ್ನಡಾಭಿಮಾನಿಗಳೇನಲ್ಲ. ಜನರಿಗೆ ಓದಲು ಬಾರದ ಭಾಷೆಯಲ್ಲಿ ಎಚ್ಚರಿಸಿ ಆಮೇಲೆ ಜೈಲಿಗೆ ಹಾಕಿದರೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬ ಲೆಕ್ಕಾಚಾರ ಅವರಿಗಿದ್ದಿರಬೇಕು.

ಆದ್ದರಿಂದ ಬರೀ ‘ಫೋಟೊ ತೆಗೆಯಬಾರದು’ ಎಂಬ ಫಲಕ, ಅಧಿಸೂಚನೆಯ ಸಂಖ್ಯೆ ದಿನಾಂಕ ಯಾವುದೂ ಇಲ್ಲದೆ, ಈ ಕಾಯ್ದೆಯ ಫಲಕವಲ್ಲ. ಹಾಗೆಂದು ಅದನ್ನು ಕಡೆಗಣಿಸಿ ಒಳನುಗ್ಗಬಹುದು ಎಂದೂ ಅಲ್ಲ. ಜಾಗದ ಒಡೆತನವಿರುವ ನಿಗಮ ತನ್ನ ಆವರಣಕ್ಕೆ ನಿಯಮ ಹಾಕಬಹುದು. ಬೇಲಿ ದಾಟಿದರೆ ಅತಿಕ್ರಮ ಪ್ರವೇಶದ ಪ್ರಕರಣವಾಗುತ್ತದೆ. ಅಭಯಾರಣ್ಯದ ಒಳಗಾದರೆ ವನ್ಯಜೀವಿ ಕಾನೂನು ಬರುತ್ತದೆ. ಆದರೆ ಇವು ಯಾವುವೂ ಗೂಢಚರ್ಯೆಯಲ್ಲ. ಫಲಕದ ಮೂಲ ತಿಳಿಯಬೇಕೆನಿಸಿದರೆ ಮಾಹಿತಿ ಹಕ್ಕಿನಲ್ಲಿ ಒಂದೇ ವಾಕ್ಯ ಸಾಕು: ‘ಸದರಿ ಸ್ಥಳವನ್ನು ಅಧಿಕೃತ ರಹಸ್ಯಗಳ ಕಾಯ್ದೆ 1923ರ ಕಲಂ 2(8)ರಡಿ ನಿಷೇಧಿತ ಸ್ಥಳವೆಂದು ಘೋಷಿಸಿದ ಅಧಿಸೂಚನೆ ಇದ್ದಲ್ಲಿ ಅದರ ಸಂಖ್ಯೆ, ದಿನಾಂಕ ಮತ್ತು ಸ್ಥಳದಲ್ಲಿ ಅಂಟಿಸಿದ ಕನ್ನಡ ಪ್ರತಿಯ ನಕಲು ಒದಗಿಸುವುದು.’ ರಾಜ್ಯಪತ್ರದಲ್ಲಿ ಅಚ್ಚಾದದ್ದು ರಹಸ್ಯವಾಗಿರಲು ಸಾಧ್ಯವಿಲ್ಲವಾದ್ದರಿಂದ ಈ ಪ್ರಶ್ನೆಗೆ ಭದ್ರತೆಯ ನೆಪ ಹೇಳುವುದು ಕಷ್ಟ.

ಕಾಯ್ದೆಯ ಹಲ್ಲು ಇರುವುದು ಕಲಂ 3ರಲ್ಲಿ. ದೇಶದ ಸುರಕ್ಷತೆಗೆ ಅಥವಾ ಹಿತಕ್ಕೆ ಧಕ್ಕೆ ತರುವ ಉದ್ದೇಶದಿಂದ ನಿಷೇಧಿತ ಸ್ಥಳದ ಹತ್ತಿರ ಸುಳಿಯುವುದು, ನಕ್ಷೆ ಬರೆಯುವುದು, ಟಿಪ್ಪಣಿ ಮಾಡುವುದು, ದಾಟಿಸುವುದು ಇವೆಲ್ಲ ಅಪರಾಧ. ರಕ್ಷಣಾ ವಿಷಯವಾದರೆ 14 ವರ್ಷದವರೆಗೆ, ಉಳಿದದ್ದಕ್ಕೆ 3 ವರ್ಷದವರೆಗೆ ಸೆರೆ. ಉದ್ದೇಶವನ್ನು ಸಾಬೀತು ಮಾಡುವುದು ಕಷ್ಟವೆಂದು 3(2)ರಲ್ಲಿ ಇನ್ನೊಂದು ದಾರಿ ಇಟ್ಟಿದ್ದಾರೆ: ಇಂಥದ್ದೇ ಕೃತ್ಯ ಎಂದು ತೋರಿಸಲಾಗದಿದ್ದರೂ ಸಂದರ್ಭ, ನಡತೆ, ಗೊತ್ತಿರುವ ಸ್ವಭಾವ ನೋಡಿ ಕೆಟ್ಟ ಉದ್ದೇಶವಿತ್ತೆಂದು ತೀರ್ಮಾನಿಸಬಹುದು. ಸಾಮಾನ್ಯ ಅಪರಾಧ ಕಾನೂನಿನಲ್ಲಿ ಇಷ್ಟು ಸಲೀಸು ಸಿಗುವುದಿಲ್ಲ. ಕಲಂ 4 ಇನ್ನೂ ಮುಂದೆ ಹೋಗುತ್ತದೆ. ವಿದೇಶಿ ಏಜೆಂಟನ ಹೆಸರು ಅಥವಾ ವಿಳಾಸ ನಿಮ್ಮ ಬಳಿ ಸಿಕ್ಕರೆ, ಸಮಾಧಾನಕರ ವಿವರಣೆ ಇಲ್ಲದಿದ್ದಲ್ಲಿ, ಸಂಪರ್ಕವಿತ್ತೆಂದು ಭಾವಿಸಲು ಅದೂ ಸಾಕಾಗಬಹುದು. 1923ರಲ್ಲಿ ವಿಳಾಸವೆಂದರೆ ಜೇಬಿನ ಚೀಟಿ. ಈಗ ಫೋನಿನಲ್ಲಿ ಉಳಿದ ನಂಬರು.

ಮಲೆನಾಡಿಗೆ ಇದು ದೂರದ ಮಾತಲ್ಲ. ಘಟ್ಟ ಇಳಿದರೆ ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆ. ಅದು ಯಾವ ಅಧಿಸೂಚನೆಯ ಹಂಗೂ ಇಲ್ಲದ ನಿಷೇಧಿತ ಸ್ಥಳ. ಆ ನೆಲೆಯ ಮಾಹಿತಿಯನ್ನು ಗಡಿಯಾಚೆಗೆ ದಾಟಿಸಿದ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು. ಇಂಥ ಬಲೆಯ ವಿಧಾನ ಹೆಚ್ಚುಕಡಿಮೆ ಒಂದೇ ಥರ. ಜಾಲತಾಣದಲ್ಲಿ ಗೆಳೆತನ, ಕೆಲವು ವಾರ ಹರಟೆ, ಆಮೇಲೆ ‘ನೀನು ಕೆಲಸ ಮಾಡುವ ಜಾಗ ಹೇಗಿದೆ, ಒಂದು ಫೋಟೊ ಕಳಿಸು’ ಎಂಬ ಕೋರಿಕೆ, ನಂತರ ಖಾತೆಗೆ ಸಣ್ಣ ಮೊತ್ತ. ದುಡ್ಡು ಬಂದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ತೂಕ ಇಲ್ಲ. ಗುತ್ತಿಗೆ ಕಾರ್ಮಿಕರು, ಕ್ಯಾಂಟೀನಿನವರು, ವಾಹನ ಚಾಲಕರು ಇದಕ್ಕೆ ಸುಲಭವಾಗಿ ಸಿಗುತ್ತಾರೆ, ಯಾಕೆಂದರೆ ತಾವು ದಿನವೂ ನೋಡುವ ಗೇಟು ‘ಮಾಹಿತಿ’ ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಸೇನಾ ವಾಹನ ಸಾಗುವ ದೃಶ್ಯ ಹಂಚುವುದೂ ಇದೇ ಜಾತಿಗೆ ಸೇರಬಹುದು. ರಕ್ಷಣಾ ಕಾರ್ಯಾಚರಣೆಗಳ ನೇರ ಪ್ರಸಾರ ಬೇಡವೆಂದು ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2025ರ ಏಪ್ರಿಲ್ 26ರಂದು ವಾಹಿನಿಗಳಿಗೆ ಸೂಚಿಸಿದ್ದು ಈ ಕಾರಣಕ್ಕೇ. ಕಲಂ 3 ಇರಬೇಕಾದ್ದು ಇಂಥ ಕಡೆ, ಅದರಲ್ಲಿ ಎರಡು ಮಾತಿಲ್ಲ.

ಎರಡು ಮಾತು ಬರುವುದು ಕಲಂ 5ರಲ್ಲಿ. ಸರ್ಕಾರಿ ನೌಕರ ತನ್ನ ಬಳಿ ನಂಬಿ ಬಿಟ್ಟ ಕಾಗದವನ್ನು ಅನಧಿಕೃತರಿಗೆ ಕೊಡುವುದು ತಪ್ಪು. ಹಾಗೆ ಬಂದದ್ದೆಂದು ತಿಳಿದೂ ತೆಗೆದುಕೊಂಡವನೂ ತಪ್ಪಿತಸ್ಥ. ಮೂರು ವರ್ಷದವರೆಗೆ ಸೆರೆ. ಬಲೆ ಎಷ್ಟು ಅಗಲವೆಂದರೆ ಪತ್ರಕರ್ತರಿಗೆ ಕಡತದ ನಕಲು ಕೊಟ್ಟ ಗುಮಾಸ್ತನೂ, ಪಡೆದ ವರದಿಗಾರನೂ ಒಟ್ಟಿಗೆ ಸಿಕ್ಕಿಬೀಳಬಹುದು. ಬರೀ ‘ರಹಸ್ಯ’ ಅಥವಾ ‘ಗೋಪ್ಯ’ ಎಂದು ಗುರುತು ಹಾಕಿದ ಸುತ್ತೋಲೆಗೆಲ್ಲ ಈ ಕಾನೂನು ಅಂಟಬಾರದು ಎಂದು ಕಾನೂನು ಆಯೋಗ 1971ರ 43ನೇ ವರದಿಯಲ್ಲೇ ಹೇಳಿತ್ತು. ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲಿ ಕಾಯ್ದೆಯನ್ನೇ ರದ್ದು ಮಾಡಿ, ಅಗತ್ಯವಿದ್ದಷ್ಟನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಗೆ ಒಂದು ಅಧ್ಯಾಯವಾಗಿ ಸೇರಿಸಿ ಎಂದಿತು. ಎರಡೂ ಕಪಾಟಿನಲ್ಲಿವೆ.

ಸಲೀಸಾಗಿ ಬಳಸಿದರೆ ಏನಾಗುತ್ತದೆ ಎನ್ನುವುದಕ್ಕೆ ಪತ್ರಕರ್ತ ಇಫ್ತಿಕಾರ್ ಗಿಲಾನಿ ಪ್ರಕರಣವೇ ಸಾಕು. 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಬಂಧನವಾಯಿತು. ಅವರ ಕಂಪ್ಯೂಟರಿನಲ್ಲಿ ಸಿಕ್ಕ ಕಾಶ್ಮೀರದ ಸೇನಾ ಜಮಾವಣೆಯ ದಾಖಲೆ ಆಗಲೇ ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುವಂಥದ್ದಾಗಿತ್ತು. ಏಳು ತಿಂಗಳು ತಿಹಾರ್ ಜೈಲಿನಲ್ಲಿದ್ದ ಮೇಲೆ 2003ರ ಜನವರಿಯಲ್ಲಿ ಸರ್ಕಾರವೇ ಪ್ರಕರಣ ಹಿಂತೆಗೆದುಕೊಂಡಿತು. ಸಂಪುಟದ ಟಿಪ್ಪಣಿಯೊಂದನ್ನು ಪ್ರಕಟಿಸಿದ ಇನ್ನೊಬ್ಬ ಪತ್ರಕರ್ತನ ಮೊಕದ್ದಮೆಯಲ್ಲಿ ದೆಹಲಿಯ ನ್ಯಾಯಾಲಯ 2009ರಲ್ಲಿ, ‘ರಹಸ್ಯ’ ಎಂಬ ಚೀಟಿ ಅಂಟಿದ ಮಾತ್ರಕ್ಕೆ ಅಪರಾಧವಾಗದು ಎಂದಿತು. ಇದರ ಮಗ್ಗುಲಿನ ಸತ್ಯವನ್ನೂ ಮರೆಯಬಾರದು. ಕಲಂ 3ರಲ್ಲಿ ಬರುವ ‘ರಹಸ್ಯ’ ಎಂಬ ವಿಶೇಷಣ ಸಂಕೇತಪದಗಳಿಗೆ ಮಾತ್ರ ಅನ್ವಯಿಸುತ್ತದೆ, ನಕ್ಷೆ ಟಿಪ್ಪಣಿಗಳಿಗೆ ಅದು ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದೆ. ಮೊಹರು ಇದ್ದರೂ ಅಪರಾಧವಾಗದಿರಬಹುದು, ಮೊಹರು ಇಲ್ಲದಿದ್ದರೂ ಆಗಬಹುದು. ನೋಡಬೇಕಾದ್ದು ಆ ಮಾಹಿತಿಯಿಂದ ಏನು ಹಾನಿ, ಯಾವ ಉದ್ದೇಶ ಎಂಬುದನ್ನೇ.

ಮೊಹರಿನ ಮಾತು ಬಂದಿದ್ದಕ್ಕೆ ಒಂದು ಅಡ್ಡಮಾತು. ಅತಿ ರಹಸ್ಯ, ರಹಸ್ಯ, ಗೋಪ್ಯ, ನಿರ್ಬಂಧಿತ ಎಂಬ ನಾಲ್ಕು ದರ್ಜೆಗಳು ಕಾಯ್ದೆಯಲ್ಲಿಲ್ಲ. ಅವು ಗೃಹ ಸಚಿವಾಲಯದ 1994ರ ಇಲಾಖಾ ಭದ್ರತಾ ಸೂಚನೆಗಳ ಕೈಪಿಡಿಯವು. ಸಂಸತ್ತು ಒಪ್ಪಿದ ಕಾನೂನಲ್ಲ, ಕಚೇರಿ ನಡೆಸಲು ಬರೆದುಕೊಂಡ ನಿಯಮ.

ಪೊಲೀಸ್ ಠಾಣೆಯಲ್ಲಿ ಮೊಬೈಲ್ ಎತ್ತಿದ್ದಕ್ಕೆ ಈ ಕಾಯ್ದೆಯ ಹೆಸರು ಹೇಳಿ ಹೆದರಿಸುವುದೂ ಉಂಟು. ಠಾಣೆ 2(8)ರ ಪಟ್ಟಿಯಲ್ಲಿ ಇಲ್ಲ. ಅಲ್ಲಿ ವಿಡಿಯೊ ಮಾಡಿದ್ದು ಈ ಕಾಯ್ದೆಯಡಿ ಅಪರಾಧವಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರ ಜುಲೈನಲ್ಲಿ ತೀರ್ಪಿತ್ತು ಎಫ್‌ಐಆರ್ ರದ್ದು ಮಾಡಿತು. ಕರ್ನಾಟಕದ ನ್ಯಾಯಾಲಯಗಳಿಗೆ ಅದು ಕಟ್ಟುಪಾಡಲ್ಲ, ಆದರೆ ವಕೀಲರು ಮುಂದಿಡಲು ಗಟ್ಟಿ ಆಧಾರ. ಕೂಗಾಡಿ ಕೆಲಸಕ್ಕೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 221 ಬೇರೆ ಇದ್ದೇ ಇದೆ.

ಪ್ರಕರಣ ದಾಖಲಾದ ಮೇಲೂ ಒಂದು ಬಾಗಿಲಿದೆ. ಕಲಂ 13ರಂತೆ ಸರ್ಕಾರದ ಆದೇಶದಿಂದ ಅಥವಾ ಅದು ಅಧಿಕಾರ ಕೊಟ್ಟವರಿಂದ ದೂರು ಬಾರದೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ನಿಷೇಧಿತ ಸ್ಥಳದ, ವಿದೇಶಿ ಶಕ್ತಿಯ ಸಂಬಂಧವಿಲ್ಲದ ಕಲಂ 5ರ ಪ್ರಕರಣವಾದರೆ ರಾಜ್ಯ ಸರ್ಕಾರ, ಉಳಿದದ್ದಕ್ಕೆಲ್ಲ ಕೇಂದ್ರ. ಶೋಧಕ್ಕೆ ಮ್ಯಾಜಿಸ್ಟ್ರೇಟರ ವಾರಂಟು ಬೇಕು. ಅತಿ ತುರ್ತು ಇದ್ದರೆ ಎಸ್‌ಪಿ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿಯ ಲಿಖಿತ ಆದೇಶ. ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ಶೋಧ ಮತ್ತು ವಶದ ಧ್ವನಿ-ದೃಶ್ಯ ಮುದ್ರಣವೂ ಆಗಬೇಕು. ಈ ಕಾಗದಗಳು ಇವೆಯೇ ಎಂದು ಮೊದಲ ದಿನವೇ ನೋಡುವ ವಕೀಲರು ಸಿಕ್ಕರೆ ಅರ್ಧ ಹೋರಾಟ ಹಗುರ.

ಆದರೂ ಮಲೆನಾಡಿನ ಬಹುಪಾಲು ಜನರಿಗೆ ‘ಭದ್ರತೆ’ ಎದುರಾಗುವುದು ಪೊಲೀಸರ ರೂಪದಲ್ಲಲ್ಲ, ಒಂದು ಹಿಂಬರಹದ ರೂಪದಲ್ಲಿ. ‘ತಾವು ಕೋರಿರುವ ಮಾಹಿತಿಯನ್ನು ಕಲಂ 8(1)(ಎ) ಅಡಿ ನೀಡಲು ಅವಕಾಶವಿರುವುದಿಲ್ಲ.’ ಮಾಹಿತಿ ಹಕ್ಕು ಕಾಯ್ದೆಯ ಈ ಉಪಖಂಡ ದೇಶದ ಸಾರ್ವಭೌಮತೆ, ಭದ್ರತೆ, ಕಾರ್ಯತಂತ್ರ, ವೈಜ್ಞಾನಿಕ ಮತ್ತು ಆರ್ಥಿಕ ಹಿತಕ್ಕೆ ಧಕ್ಕೆಯಾಗುವಂಥದ್ದನ್ನು ತಡೆಹಿಡಿಯಲು ಇರುವುದು. ಕೊನೆಯ ‘ಆರ್ಥಿಕ ಹಿತ’ ಎಷ್ಟು ಹಿಗ್ಗುತ್ತದೆ ಎನ್ನುವುದನ್ನು ಪಶ್ಚಿಮಘಟ್ಟದವರು ಸ್ವತಃ ಕಂಡಿದ್ದಾರೆ.

ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ ಪಶ್ಚಿಮಘಟ್ಟದ ವರದಿಯನ್ನು 2011ರ ಆಗಸ್ಟ್ 31ರಂದು ಪರಿಸರ ಸಚಿವಾಲಯಕ್ಕೆ ಕೊಟ್ಟಿತು. ಕೇರಳದ ಒಬ್ಬ ಅರ್ಜಿದಾರ ಅದರ ಪ್ರತಿ ಕೇಳಿದಾಗ ಸಚಿವಾಲಯ ಇದೇ 8(1)(ಎ) ತೋರಿಸಿತು. ವರದಿ ಇನ್ನೂ ಪರಿಶೀಲನೆಯಲ್ಲಿದೆ, ಅಂತಿಮವಲ್ಲ ಎಂದಿತು. ಕೇಂದ್ರ ಮಾಹಿತಿ ಆಯುಕ್ತ ಶೈಲೇಶ್ ಗಾಂಧಿ 2012ರ ಏಪ್ರಿಲ್‌ನಲ್ಲಿ ಬಹಿರಂಗಕ್ಕೆ ಆದೇಶಿಸಿದರು. ಸಚಿವಾಲಯ ಒಪ್ಪದೆ ದೆಹಲಿ ಹೈಕೋರ್ಟಿಗೆ ಹೋಯಿತು. ಮೇ 17ರಂದು ನ್ಯಾಯಾಲಯ ಅರ್ಜಿ ವಜಾ ಮಾಡಿತು, ಅದೇ ತಿಂಗಳು ವರದಿ ಹೊರಬಂತು. ಹೆಚ್ಚುಕಡಿಮೆ ಒಂಬತ್ತು ತಿಂಗಳು ತೀರ್ಥಹಳ್ಳಿ, ಹೊಸನಗರ, ಸಾಗರದ ಜನ ತಮ್ಮದೇ ಬೆಟ್ಟ, ತೋಟ, ಗದ್ದೆಯ ಬಗ್ಗೆ ಬರೆದ ವರದಿಯಲ್ಲಿ ಏನಿದೆ ಎಂದು ತಿಳಿಯದೆ ಇದ್ದರು. ಆ ಖಾಲಿ ಜಾಗವನ್ನು ಒಕ್ಕಲೆಬ್ಬಿಸುತ್ತಾರಂತೆ, ಅಡಕೆಗೆ ಔಷಧಿ ಹೊಡೆಯುವಂತಿಲ್ಲವಂತೆ ಎಂಬ ‘ಅಂತೆ’ಗಳು ತುಂಬಿಕೊಳ್ಳುವುದಕ್ಕೆ ಇನ್ನೇನು ಬೇಕು? ವರದಿಯ ಶಿಫಾರಸುಗಳನ್ನು ಒಪ್ಪುವುದು ಬಿಡುವುದು ಬೇರೆ ಚರ್ಚೆ. ಓದಲು ಕೊಡದೆ ಇಟ್ಟದ್ದರಿಂದ ದೇಶದ ಯಾವ ಹಿತ ಉಳಿಯಿತು ಎಂಬ ಪ್ರಶ್ನೆಗೆ ಮಾತ್ರ ಇವತ್ತಿಗೂ ಉತ್ತರವಿಲ್ಲ.

ಇಂಥ ಹಿಂಬರಹ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಮಾಹಿತಿ ಹಕ್ಕು ಕಾಯ್ದೆಯ ಕಲಂ 7(8). ನಿರಾಕರಣೆಗೆ ಕಾರಣ, ಮೇಲ್ಮನವಿಗೆ ಇರುವ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರೂ ಇರಬೇಕು. ಉಪಖಂಡದ ಸಂಖ್ಯೆ ನಮೂದಿಸುವುದು ಕಾರಣ ಕೊಟ್ಟಂತಲ್ಲ. ಈ ಮಾಹಿತಿ ಹೊರಬಂದರೆ ಇಂಥ ಹಾನಿ ಎಂದು ಹೇಳಬೇಕು. ನಿರಾಕರಣೆ ಸರಿಯೆಂದು ಸಾಧಿಸುವ ಹೊಣೆ 19(5)ರಂತೆ ಅಧಿಕಾರಿಯದೇ, ಅರ್ಜಿದಾರರದ್ದಲ್ಲ. ‘ಅಧಿಕೃತ ರಹಸ್ಯ ಕಾಯ್ದೆ ಅಡ್ಡಿಯಾಗುತ್ತದೆ’ ಎಂದು ಬರೆದಿದ್ದರೆ ಅದು ಬಿದ್ದುಹೋಗುವ ಕಾರಣ: ಕಲಂ 22 ಆ ಕಾಯ್ದೆಯ ಹೆಸರನ್ನೇ ಎತ್ತಿ, ಎರಡರ ನಡುವೆ ವಿರೋಧ ಬಂದರೆ ಮಾಹಿತಿ ಹಕ್ಕೇ ಮೇಲು ಎನ್ನುತ್ತದೆ. 8(2) ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿನಾಯಿತಿಯೊಳಗೆ ಬರುವ ಮಾಹಿತಿಯನ್ನೂ ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು ಎನ್ನುತ್ತದೆ. ರಾಷ್ಟ್ರೀಯ ಭದ್ರತೆ ಎಂದು ಹೇಳಿದರೆ ಮುಗಿಯಲಿಲ್ಲ, ಅದಕ್ಕೆ ಆಧಾರ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ ಹೇಳಿದ್ದನ್ನೂ ಮೇಲ್ಮನವಿಯಲ್ಲಿ ಬರೆಯಬಹುದು.

ಅರ್ಜಿಗಳು ಬೀಳುವುದು ಹೆಚ್ಚಾಗಿ ನಮ್ಮ ಕಡೆಯ ತಪ್ಪಿನಿಂದ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ‘ಅಣೆಕಟ್ಟೆಗೆ ಸಂಬಂಧಿಸಿದ ಎಲ್ಲಾ ಕಡತಗಳು’ ಎಂದು ಕೇಳಿದರೆ ವಿಷಯ ನಿರ್ವಾಹಕರು ಒಂದೇ ಸಾಲಿನಲ್ಲಿ ವಾಪಸು ಕಳಿಸುತ್ತಾರೆ. ‘ಏಕೆ’ ಎಂದು ಕೇಳಬಾರದು; ದಾಖಲೆ ಕೇಳಬೇಕು. ದಿನಾಂಕ, ಕಡತದ ಸಂಖ್ಯೆ, ಪತ್ರದ ಉಲ್ಲೇಖ ಇದ್ದಷ್ಟೂ ಒಳ್ಳೆಯದು. ಕಚೇರಿ ತಪ್ಪಾಗಿದ್ದರೆ 5 ದಿನದೊಳಗೆ ಸಂಬಂಧಪಟ್ಟ ಕಡೆಗೆ ವರ್ಗಾಯಿಸುವ ಕೆಲಸ ಅವರದೇ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೂ ನಿರಾಕರಣೆಯೇ. ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ, ಆಮೇಲೆ 90 ದಿನದೊಳಗೆ ಆಯೋಗಕ್ಕೆ. ಟಪಾಲಿನಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬಂದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ಶರಾವತಿ ಮುಳುಗಡೆ ಕುಟುಂಬಗಳಿಗೆ ಹೆಚ್ಚು ಉಪಯೋಗದ ಕಲಂ 8(3). ಅರ್ಜಿ ಹಾಕಿದ ದಿನಕ್ಕೆ 20 ವರ್ಷ ಹಿಂದಿನ ವಿಷಯವಾದರೆ ಭದ್ರತೆ, ಶಾಸನಸಭೆಯ ಹಕ್ಕು, ಸಂಪುಟದ ಕಾಗದ ಈ ಮೂರು ಬಿಟ್ಟು ಉಳಿದ ವಿನಾಯಿತಿಗಳು ಅಳಿಯುತ್ತವೆ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಆ ಕಾಲದ ಪುನರ್ವಸತಿ ಪಟ್ಟಿ, ಜಮೀನು ಮಂಜೂರಾತಿಯ ಕಡತಕ್ಕೆ ಗೋಪ್ಯತೆಯ ಉತ್ತರ ನಿಲ್ಲುವುದಿಲ್ಲ. ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಅದು ಬೇರೆಯೇ ಜಗಳ.

ಭದ್ರತೆ ಮತ್ತು ತಿಳಿಯುವ ಹಕ್ಕು ನಿಜವಾಗಿ ಡಿಕ್ಕಿಯಾಗುವ ಜಾಗ ಅಣೆಕಟ್ಟೆಯ ತುರ್ತು ಕ್ರಿಯಾ ಯೋಜನೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ತನ್ನ ವ್ಯಾಪ್ತಿಗೆ ಬರುವ ಪ್ರತಿ ಅಣೆಕಟ್ಟೆಗೂ ಇಂಥ ಯೋಜನೆ ಬೇಕೆನ್ನುತ್ತದೆ. ಹಳೆಯವಕ್ಕೆ ಐದು ವರ್ಷದ ಗಡುವು. ಅದರಲ್ಲಿ ಕಟ್ಟೆ ಒಡೆದರೆ ನೀರು ಎಷ್ಟು ಹೊತ್ತಿಗೆ ಯಾವ ಊರು ಮುಟ್ಟುತ್ತದೆ ಎಂಬ ಮುಳುಗಡೆ ನಕ್ಷೆ ಇರುತ್ತದೆ, ಗೇಟು ನಿಯಂತ್ರಣ, ಕಾವಲು, ಸಂಪರ್ಕ ವ್ಯವಸ್ಥೆಯ ವಿವರವೂ ಇರುತ್ತದೆ. ಎರಡನೆಯದನ್ನು ಮುಚ್ಚಿಡುವುದು ಸರಿ. ಮೊದಲನೆಯದನ್ನು ಗೇರುಸೊಪ್ಪೆ, ಹೊನ್ನಾವರದ ಹೊಳೆದಂಡೆಯವರಿಂದ ಮುಚ್ಚಿಟ್ಟರೆ ಯೋಜನೆ ಮಾಡಿದ್ದೇ ದಂಡ, ಯಾಕೆಂದರೆ ಓಡಬೇಕಾದವರು ಅವರು. ಎರಡೂ ಒಂದೇ ಪುಸ್ತಕದಲ್ಲಿವೆ ಎಂದು ಇಡೀ ಪುಸ್ತಕಕ್ಕೆ ಬೀಗ ಹಾಕುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ಕಲಂ 10ರ ಪ್ರಕಾರ ಕೊಡಬಾರದ ಭಾಗಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡಬೇಕು. ಅರ್ಜಿಯಲ್ಲೇ ‘ಕಲಂ 10ರಂತೆ ಬೇರ್ಪಡಿಸಿ ಒದಗಿಸುವುದು’ ಎಂದು ಬರೆದರೆ ಪೂರ್ತಿ ನಿರಾಕರಿಸುವುದು ಕಷ್ಟವಾಗುತ್ತದೆ.

ನಕ್ಷೆ, ಡ್ರೋನ್‌ಗಳ ಮಾತು ಚುಟುಕಾಗಿ. 2021ರ ಫೆಬ್ರವರಿ 15ರ ಮಾರ್ಗಸೂಚಿಯ ನಂತರ ಭಾರತೀಯರು ನಕ್ಷೆ ಮಾಡಲು ಪೂರ್ವಾನುಮತಿ ಬೇಡ. ಸೂಕ್ಷ್ಮ ಸ್ಥಳಗಳ ಗುರುತು ಮಾತ್ರ ಹಾಕುವಂತಿಲ್ಲ. ಡ್ರೋನ್‌ಗೆ ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ಸೋಗಾನೆಯ ವಿಮಾನ ನಿಲ್ದಾಣದ ಸುತ್ತ 8ರಿಂದ 12 ಕಿ.ಮೀ. ಅಂತರದಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ, ಇನ್ನೂ ಹತ್ತಿರವಾದರೆ ಪೂರ್ವಾನುಮತಿ ಇಲ್ಲದೆ ಹಾರಿಸುವಂತಿಲ್ಲ. ಮದುವೆ ಚಿತ್ರೀಕರಣದವರು ಎಡವುವುದು ಇಲ್ಲೇ: ಹೋದ ತಿಂಗಳು ಹಾರಿಸಿದ ಜಾಗವೆಂದು ಈ ತಿಂಗಳೂ ಎತ್ತುತ್ತಾರೆ. ಎಸ್‌ಪಿ ದರ್ಜೆಯ ಅಧಿಕಾರಿ ಒಂದು ಸಲಕ್ಕೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ, ಅಂದರೆ ಡ್ರೋನ್ ನಿಷೇಧದ ಜಾಗ, ಘೋಷಿಸಬಹುದಾದ್ದರಿಂದ ಹಾರಿಸುವ ದಿನವೇ ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ವಲಯ ನಕ್ಷೆ ನೋಡಬೇಕು.

ಇನ್ನು ಮುಂದೆ ಮಲೆನಾಡಿನಲ್ಲಿ ಕಣ್ಣಿಡಬೇಕಾದ ಪದ ‘ರಹಸ್ಯ’ ಅಲ್ಲ, ‘ಕಾರ್ಯತಂತ್ರ’. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ರಕ್ಷಣೆ, ಭದ್ರತೆ ಅಥವಾ ಕೇಂದ್ರ ಸರ್ಕಾರ ನಿರ್ಧರಿಸುವ ಇತರ ಕಾರ್ಯತಂತ್ರದ ಪರಿಗಣನೆ ಇರುವ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯೇ ಬೇಡ. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಭದ್ರತೆಗೆ ಸಂಬಂಧಿಸಿದ ನಿರ್ಮಾಣಕ್ಕೆ 10 ಹೆಕ್ಟೇರ್‌ವರೆಗೆ ಕಾಡು ಬಳಸಲು ವಿನಾಯಿತಿಯ ದಾರಿ ತೆರೆದಿದೆ. ಗಡಿಯಿಂದ 100 ಕಿ.ಮೀ. ಒಳಗಿರಬೇಕೆಂಬ ಷರತ್ತು ರಸ್ತೆ, ರೈಲಿನಂಥ ಉದ್ದುದ್ದದ ಯೋಜನೆಗಳಿಗೆ ಇದೆಯೇ ಹೊರತು ಇದಕ್ಕಿಲ್ಲ. ಕೆಳಗಿನ ಜಲಾಶಯದ ನೀರನ್ನು ಮೇಲೆತ್ತಿ ಮತ್ತೆ ಹರಿಸಿ ವಿದ್ಯುತ್ ತಯಾರಿಸುವ 2000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಈ ಬಾಗಿಲಿನಿಂದ ಬಂದಿಲ್ಲ. ಅದಕ್ಕೆ 2025ರಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು, ಜನ ಮೈಕು ಹಿಡಿದು ಆಕ್ಷೇಪ ಹೇಳಿದರು, ಹೇಳಿದ್ದು ನಡಾವಳಿಗೆ ಸೇರಿತು. ಕಾರ್ಯತಂತ್ರದ ಯೋಜನೆ ಎಂದು ಒಂದು ಆದೇಶ ಬಂದಿದ್ದರೆ ಆ ಸಭೆಗೆ ಶಾಮಿಯಾನವನ್ನೂ ಹಾಕಬೇಕಿರಲಿಲ್ಲ.